ರೈಲಿಗೆ ಹೊರಟವರ ಮೇಲೆ ಒಂದು ಕಣ್ಣು

ದೂರದ ಊರಿಗೆ ರೈಲಿನಲ್ಲಿ ಹೋಗುವವರ ಸಂಖ್ಯೆ ನಮ್ಮ ಬೀದಿಯಲ್ಲಿ ಕುಗ್ಗಿದಷ್ಟೂ, ಹಾಗೆ ಹೋಗುವವರನ್ನು ಸಂಶಯದ ಕಣ್ಣಿನಿಂದ ನೋಡುವವರ ಸಂಖ್ಯೆ ಹಿಗ್ಗುತ್ತಲೇ ಬಂದಿದೆ. ಆದುದರಿಂದ ಇಂಥ ಪ್ರಸಂಗಗಳಿಗೆ ನಮ್ಮ ಮನೆಯಲ್ಲಿ ಬರವೆಂಬುದಿಲ್ಲ. ವಿಜಯನಗರದಲ್ಲಿ ಈಗ ರೈಲು ಎಂದರೆ ಮೆಟ್ರೋ. ಎಡಮನೆಯವರು ವಿಮಾನದಲ್ಲಿ ಹೋಗುತ್ತಾರೆ, ಬಲಮನೆಯವರು ರಾತ್ರಿ ಮಲಗುವ ಬಸ್ಸಿನಲ್ಲಿ ಹೋಗುತ್ತಾರೆ, ಎದುರುಮನೆಯವರು ಎಲ್ಲಿಗೂ ಹೋಗದೆ ನಾವು ಏತಕ್ಕೆ ರೈಲಿನಲ್ಲಿ ಹೋಗುತ್ತೇವೆಂದು ವಿಚಾರಿಸುತ್ತಾರೆ.

ಕಾರಣ ಸರಳವಾದುದು. ಧಾರವಾಡದಲ್ಲಿ ನನ್ನ ಅಕ್ಕ ಇದ್ದಾರೆ. ವರ್ಷಕ್ಕೊಮ್ಮೆ ನಾನೂ ನನ್ನ ಮಡದಿಯೂ ಹೋಗಿಬರುವುದು ರೂಢಿ. ವೇಗದ ಹೊಸ ರೈಲಿನಲ್ಲಿ ಕುರ್ಚಿಗಳು ಮಾತ್ರ. ಮಡದಿಯ ಬೆನ್ನಿಗೆ ಕಾಲು ಚಾಚುವ ಹಲಗೆ ಬೇಕು. ಬಸ್ಸಿನಲ್ಲಿ ಕಾಲು ಚಾಚಬಹುದು, ನಿಜ. ಆದರೆ ರೈಲಿನಲ್ಲಿದ್ದು ಬಸ್ಸಿನಲ್ಲಿಲ್ಲದ ಸೌಕರ್ಯವೊಂದಿದೆ. ಅದನ್ನು ಹೆಸರಿಸದಿದ್ದರೂ ನನ್ನ ವಯಸ್ಸಿನ ಓದುಗರು ತಲೆದೂಗುವರು.

ಹಿಂದಿನ ವರ್ಷ ಅರಸೀಕೆರೆಯಲ್ಲಿ ಕಾಫಿಗೆಂದು ನಾನು ಇಳಿದೆ, ರೈಲು ಹೊರಟುಹೋಯಿತು. ಯಾರೋ ಪುಣ್ಯಾತ್ಮರು ಬಸವೇಶ್ವರನಗರದಲ್ಲಿರುವ ನನ್ನ ಮಗಳಿಗೆ ಸುದ್ದಿ ಮುಟ್ಟಿಸಿದರು. ಈ ವರ್ಷ ಅವಳು ಷರತ್ತು ವಿಧಿಸಿದಳು:

“ಅಪ್ಪಾ, ಇದೊಂದು ಸಲ ಹೋಗ್ಬನ್ನಿ. ಗುರುತಿಲ್ಲದವರು ಯಾರಾದ್ರೂ ನಂಗೆ ಫೋನ್ ಮಾಡಿ ‘ನಿಮ್ಮ ತಂದೆ ಇಲ್ಲಿದ್ದಾರೆ’ ಅಂದ್ರೋ, ಮುಂದಿನ ಸಲದಿಂದ ಬಸ್ಸೇ. ಆಮೇಲೆ ವಾದ ಮಾಡ್ಬಾರ್ದು.”

ಒಪ್ಪಿದೆ. ಒಪ್ಪಿ, ಮನೆಯ ಬಾಗಿಲಿಗೆ ಬೀಗ ಹಾಕಿದ ಕ್ಷಣದಿಂದಲೇ ಜಗತ್ತು ನನ್ನ ಮಗಳ ನಂಬರನ್ನು ಕೇಳತೊಡಗಿತು.

ಆಟೋದವರ ಅನುಮಾನ

ಯಶವಂತಪುರದ ರೈಲು ನಿಲ್ದಾಣಕ್ಕೆಂದು ಆಟೋ ಹತ್ತಿದೆವು. ಚಾಲಕನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ, ನಮ್ಮ ನಡುವೆ ಇದ್ದ ಹಳೆಯ ಪೆಟ್ಟಿಗೆಯನ್ನೂ ಪರಾಂಬರಿಸಿ ನೋಡಿದ.

“ಮೆಟ್ರೋ ಸ್ಟೇಷನ್ನಾ ಸಾರ್?”

“ಅಲ್ಲಪ್ಪಾ, ರೈಲು. ಧಾರವಾಡಕ್ಕೆ.”

“ಈ ವಯಸ್ಸಲ್ಲಿ, ರೈಲಲ್ಲಿ, ಇಬ್ಬರೇ?” ಅವನ ದನಿ ಇಳಿಯಿತು. ರಾಜಾಜಿನಗರ ಬಂದೊಡನೆ ಒಂದು ಹೊಂಗೆಮರದ ಕೆಳಗೆ ಆಟೋ ನಿಲ್ಲಿಸಿ ಹಿಂದಕ್ಕೆ ತಿರುಗಿದ. “ಅಮ್ಮಾ, ನಿಜ ಹೇಳಿ. ಮಕ್ಕಳು ಆಚೆ ಹಾಕಿದ್ರಾ?”

ನನ್ನ ಮಡದಿ ಯಾವ ಪ್ರಶ್ನೆಯನ್ನೂ ಉತ್ತರವಿಲ್ಲದೆ ಬಿಡುವವಳಲ್ಲ. “ಇಲ್ಲಪ್ಪಾ, ಮಗಳು ಹೋಗ್ಬೇಡಿ ಅಂತಾನೇ ಅಂದ್ಲು. ಇವರೇ ಹಟ ಹಿಡಿದು ಹೊರಟಿದ್ದು.”

“ನೋಡಿದ್ರಾ ಸಾರ್? ಮನೆ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಮಗಳ ನಂಬರ್ ಕೊಡಿ, ನಾನು ಮಾತಾಡ್ತೀನಿ. ಆ ಕಡೆಯಿಂದ ಅವರೂ ಸೋಲಲಿ, ಈ ಕಡೆಯಿಂದ ನೀವೂ ಸೋಲಿ.”

ನನಗೆ ಷರತ್ತು ನೆನಪಾಯಿತು. ಸಂಧಾನಕ್ಕೆ ಕಾರಣವಾದ ಜಗಳವೇ ನಡೆದಿಲ್ಲವೆಂದು ನಾನು ನಿರೂಪಿಸಿದಷ್ಟೂ ಅವನ ಕಣ್ಣು ತೇವವಾಗುತ್ತ ಹೋಯಿತು. ಕೊನೆಗೆ ಮಡದಿಯೇ ಬಾಯಿ ಹಾಕಿದಳು: “ಮನೆ ನಮ್ಮ ಹೆಸರಲ್ಲೇ ಇದೆ ಕಣಪ್ಪಾ. ಕೆಳಗಡೆ ಬಾಡಿಗೆಗೂ ಕೊಟ್ಟಿದೀವಿ.”

ಅವನ ಕರುಣೆ ಅಲ್ಲಿಗೆ ಆರಿಹೋಯಿತು. ಆಟೋ ಚಾಲೂ ಮಾಡುತ್ತ ಬಹಳ ಬೇಸರದಿಂದ ಕೇಳಿದ: “ಬಾಡಿಗೆ ಬರೋರು ರೈಲಿಗ್ಯಾಕಮ್ಮಾ ಹೋಗ್ತೀರಾ?”

ಬಾಗಿಲ ಪಕ್ಕದ ಹೆಸರು

ಹಿಂದೆ ಪ್ರಯಾಣಿಕರ ಹೆಸರುಗಳನ್ನು ಅಚ್ಚುಮಾಡಿ ಬೋಗಿಯ ಬಾಗಿಲ ಪಕ್ಕದಲ್ಲಿ ಅಂಟಿಸುತ್ತಿದ್ದರು. ಅಲ್ಲಿ ತನ್ನ ಹೆಸರನ್ನು ಕಣ್ಣಾರೆ ಕಂಡ ಮೇಲೆಯೇ ಹತ್ತುವುದು ನಮ್ಮ ಕಾಲದ ಶಿಸ್ತು. ಈಗ ಅದನ್ನು ಅಂಟಿಸುವುದಿಲ್ಲವೆಂದು ಮಗಳು ಹೇಳಿದ್ದಳು. ಆದರೆ ಮೊಬೈಲಿಗೆ ಬಂದ ಸಂದೇಶವೊಂದನ್ನೇ ನಂಬಿ ಹಲಗೆಯ ಮೇಲೆ ಕೂರಲು ನನಗೆ ಮನಸ್ಸೊಪ್ಪದು. ಓಲೆಗರಿ ಓದಲು ಬಳಸುವ ಭೂತಗನ್ನಡಿಯನ್ನು ಜೇಬಿನಿಂದ ತೆಗೆದು, ಬೋಗಿಯ ಹೊರಮೈಯನ್ನು ಬಾಗಿಲಿನಿಂದ ಬಾಗಿಲಿಗೆ ಪರಿಶೀಲಿಸುತ್ತ ನಡೆದೆ.

ಹಿಂದಿನಿಂದ ಒಬ್ಬ ಪೇದೆ ಬಂದು ನಿಂತ. “ಏನ್ ಹುಡುಕ್ತಾ ಇದೀರಾ?”

“ನನ್ನ ಹೆಸರನ್ನು.”

ಅವನು ಭೂತಗನ್ನಡಿಯನ್ನು ನೋಡಿದ, ನನ್ನನ್ನು ನೋಡಿದ, ದನಿಯನ್ನು ಮೆದು ಮಾಡಿಕೊಂಡ. “ಮರೆತುಹೋಯ್ತಾ ಅಜ್ಜಾ?”

“ಮರೆತಿಲ್ಲ. ಇಲ್ಲಿದೆಯೋ ಇಲ್ಲವೋ ನೋಡುತ್ತಿದ್ದೇನೆ.”

“ರೈಲಿನ ಮೇಲೆ ನಿಮ್ಮ ಹೆಸರು ಯಾಕಿರುತ್ತೆ?”

“ಹಿಂದೆಲ್ಲ ಇರುತ್ತಿತ್ತು.”

ಅವನು ನನ್ನ ಮೊಳಕೈಯನ್ನು ಮೆಲ್ಲನೆ ಹಿಡಿದುಕೊಂಡ. “ಆಯ್ತು, ಇರ್ತಿತ್ತು. ಬನ್ನಿ, ಕೂತ್ಕೊಂಡು ನೀರು ಕುಡೀರಿ. ಮನೆಯೋರ ನಂಬರ್ ಗೊತ್ತಾ? ಮಗನೋ, ಮಗಳೋ?”

ಮತ್ತೆ ಅದೇ ಪ್ರಶ್ನೆ. ಮಕ್ಕಳೇ ಇಲ್ಲವೆಂದು ಹೇಳಿಬಿಡೋಣವೆನಿಸಿತು. ಅಷ್ಟರಲ್ಲಿ ಒಳಗೆ ಆಸನ ಹಿಡಿದು ಕುಳಿತಿದ್ದ ಮಡದಿ ಕಿಟಕಿಯಿಂದ ಕೂಗಿದಳು: “ರೀ, ಬರ್ತೀರೋ ಇಲ್ವೋ?”

ಪೇದೆ ಕೈ ಬಿಟ್ಟ. ಬಿಡುವ ಮೊದಲು ಕಿಟಕಿಯ ಬಳಿ ಹೋಗಿ, ಕಳೆದ ವಸ್ತುವನ್ನು ವಾರಸುದಾರರಿಗೆ ಒಪ್ಪಿಸುವ ಗಾಂಭೀರ್ಯದಿಂದ ಕೇಳಿದ: “ಅಮ್ಮಾ, ಇವರು ನಿಮ್ಮವರೇ ತಾನೆ? ಸರಿಯಾಗಿ ನೋಡಿ ಹೇಳಿ.”

ಮಡದಿ ಸರಿಯಾಗಿಯೇ ನೋಡಿದಳು. ಉತ್ತರ ಹೇಳಲು ಆಕೆ ತೆಗೆದುಕೊಂಡಷ್ಟು ಹೊತ್ತು ಬೇಕಾಗಿರಲಿಲ್ಲ.

ಸರಪಳಿ

ಬೋಗಿ ಅರ್ಧಕ್ಕಿಂತ ಹೆಚ್ಚು ಖಾಲಿಯಿತ್ತು. ನಮ್ಮ ಎದುರಿಗೆ ಮೂವತ್ತರ ಆಸುಪಾಸಿನ ಗೃಹಸ್ಥನೊಬ್ಬ. ಅನ್ನಪೂರ್ಣೇಶ್ವರಿ ನಗರದವನಂತೆ, ಹುಬ್ಬಳ್ಳಿಗೆ ಹೊರಟವನಂತೆ. “ಬಸ್ಸು ಸಿಗ್ಲಿಲ್ಲ ಸಾರ್, ಅದಕ್ಕೇ,” ಎಂದು ರೈಲು ಹತ್ತಿದ ತಪ್ಪಿಗೆ ತಾನಾಗಿಯೇ ಸಮಜಾಯಿಷಿ ಕೊಟ್ಟ. ಕೇಳದೆ ಕಾರಣ ಹೇಳುವವರನ್ನು ನಾನು ನಂಬುವುದಿಲ್ಲ. ಪೆಟ್ಟಿಗೆಯನ್ನು ಹಲಗೆಯ ಕೆಳಗಿನ ಕೊಂಡಿಗೆ ಸರಪಳಿಯಿಂದ ಬಿಗಿದು, ಬೀಗ ಜಡಿದು, ಎಳೆದು ನೋಡಿದೆ.

“ಒಳಗೇನಿದೆ ಸಾರ್?”

“ಏನೂ ಇಲ್ಲ.”

“ಏನೂ ಇಲ್ದೇ ಇರೋದಕ್ಕೆ ಇಷ್ಟು ದೊಡ್ಡ ಬೀಗಾನಾ?” ಎಂದು ಅವನು ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಲಗೆಯ ಆ ತುದಿಗೆ ಸರಿದ.

ಮಡದಿ ಪಿಸುಗುಟ್ಟಿದಳು: “ಹಪ್ಪಳ ಇದೆ ಅಂತ ಹೇಳಿದ್ರೆ ಏನಾಗ್ತಿತ್ತು?”

“ಹೇಳಿದರೆ ಧಾರವಾಡದವರೆಗೆ ಉಳಿಯುತ್ತಿತ್ತೇ?”

ಪುಳಿಯೋಗರೆಯ ಪರೀಕ್ಷೆ

ಹಿಂದೆ ರೈಲಿನಲ್ಲಿ ಊಟದ ಡಬ್ಬಿ ತೆರೆದರೆ ಸುತ್ತ ಕುಳಿತವರಿಗೆಲ್ಲ ಎಲೆ ಹಾಕಿದಂತೆಯೇ. ಎದುರಿಗೆ ಒಂದು ಜೀವ ಉಪವಾಸ ಕುಳಿತಿರುವಾಗ ನನ್ನ ಮಡದಿಗೆ ತುತ್ತು ಇಳಿಯದು. ಮಧ್ಯಾಹ್ನ ಪುಳಿಯೋಗರೆಯನ್ನು ಕಾಗದದ ತಟ್ಟೆಗೆ ಹಾಕಿ ಅವನ ಮುಂದೆ ಚಾಚಿದಳು.

“ಬೇಡ ಆಂಟಿ,” ಎಂದ ಅವನ ಕಣ್ಣು ಗೋಡೆಯ ಕಡೆಗೆ ಹೋಯಿತು. ಅಪರಿಚಿತರು ಕೊಟ್ಟ ತಿಂಡಿಯನ್ನು ತಿನ್ನಬಾರದೆಂಬ ಸೂಚನೆಯನ್ನು ಅಲ್ಲಿ ಅಂಟಿಸಿದ್ದರು.

“ಓಹೋ, ನಮ್ಮನ್ನೂ ಆ ಸಾಲಿಗೆ ಸೇರಿಸಿದ್ಯಾ? ನೋಡು, ಮೊದಲು ನಾನು ತಿಂತೀನಿ. ನಂಗೇನೂ ಆಗ್ದಿದ್ರೆ ನೀನು ತಿನ್ನು.”

ತಿಂದಳು. ಮೊಸರನ್ನವನ್ನೂ ತಿಂದಳು. ಅವನು ನಾಚಿಕೊಂಡು ಎರಡು ತುತ್ತು ಬಾಯಿಗಿಟ್ಟ. “ತುಂಬಾ ಚೆನ್ನಾಗಿದೆ ಆಂಟಿ.”

ಆಂಟಿ ಉತ್ತರಿಸಲಿಲ್ಲ. ಊಟವಾದೊಡನೆ ನಿದ್ರಿಸುವುದು, ನಿದ್ರಿಸಿದ ಮೇಲೆ ಭೂಮಿ ನಡುಗಿದರೂ ಏಳದಿರುವುದು ಆಕೆ ತವರಿನಿಂದ ತಂದ ಗುಣ. ಗೋಡೆಗೆ ತಲೆಯಾನಿಸಿ, ಬಾಯನ್ನು ಅರ್ಧ ತೆರೆದು ಆಕೆ ಆಗಲೇ ಬೇರೆ ಲೋಕದಲ್ಲಿದ್ದಳು.

“ಸಾರ್, ಆಂಟಿಗೆ ಏನಾಯ್ತು?”

“ನಿದ್ದೆ. ಯಾವಾಗಲೂ ಹೀಗೆಯೇ.”

ಆ ‘ಯಾವಾಗಲೂ’ ಎಂಬ ಮಾತು ಅವನ ಮುಖದ ರಕ್ತವನ್ನೆಲ್ಲ ಇಳಿಸಿಬಿಟ್ಟಿತು. ನಾವು ರೈಲಿನಿಂದ ರೈಲಿಗೆ ಇದೇ ಕಸುಬು ಮಾಡಿಕೊಂಡಿರುವವರೆಂದು ಅವನಿಗೆ ನಿಶ್ಚಯವಾಯಿತು. ಎದ್ದು ಓಡಿ, ನಲ್ಲಿಯ ಬಳಿ ಬಾಯಿ ಮುಕ್ಕಳಿಸಿ, ಟಿಕೆಟ್ ಪರೀಕ್ಷಕರನ್ನು ಕರೆತಂದ.

ಪರೀಕ್ಷಕರು “ಅಮ್ಮಾ, ಅಮ್ಮಾ” ಎಂದರು. ಗೊರಕೆಯ ಶ್ರುತಿ ಬದಲಾಯಿತೇ ಹೊರತು ಮತ್ತೇನೂ ಆಗಲಿಲ್ಲ. ನನ್ನ ಕಡೆಗೆ ತಿರುಗಿದರು. “ನೀವು ತಿಂದ್ರಾ ಸಾರ್?”

“ಇನ್ನೂ ಇಲ್ಲ.”

“ಅದ್ಯಾಕೆ, ನೀವೊಬ್ರು ತಿಂದಿಲ್ಲ?”

“ಊಟಕ್ಕೆ ಮುಂಚೆ ಮಾತ್ರೆ ನುಂಗಿ ಸ್ವಲ್ಪ ಹೊತ್ತು ಕಾಯಬೇಕು.”

“ಮಾತ್ರೆ?” ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ಸಕ್ಕರೆ ಕಾಯಿಲೆಯ ಮಾತ್ರೆಯೆಂದು ನಾನು ಚೀಟಿ ತೋರಿಸಿದರೂ ಪ್ರಯೋಜನವಾಗಲಿಲ್ಲ. “ನಮ್ಮೆದುರಿಗೇ ತಿನ್ನಿ,” ಎಂದರು ಪರೀಕ್ಷಕರು. ನಿರಪರಾಧಿಯೆಂದು ಸಾಧಿಸುವ ಆವೇಶದಲ್ಲಿ ನಾನು ಎರಡು ತಟ್ಟೆ ಪುಳಿಯೋಗರೆ ತಿಂದೆ. ಅದರ ಮೇಲೆ ಕಿಟಕಿಯ ಗಾಳಿ. ನನ್ನ ರೆಪ್ಪೆಗಳೂ ಭಾರವಾಗತೊಡಗಿದವು. ಈಗ ಕಣ್ಣು ಮುಚ್ಚಿದರೆ ರೈಲು ಪ್ರಯಾಣ ಇಲ್ಲಿಗೆ ಮುಗಿಯಿತು, ಮುಂದಿನ ವರ್ಷದಿಂದ ಬಸ್ಸೇ ಗತಿ ಎಂದು ತೊಡೆಯನ್ನು ಚಿವುಟಿಕೊಂಡು ಕುಳಿತೆ.

“ಇವರಿಗೂ ಹತ್ತಿತು ನೋಡಿ ಸಾರ್,” ಎಂದ ಅನ್ನಪೂರ್ಣೇಶ್ವರಿ ನಗರದವನು.

“ಮಕ್ಕಳ ನಂಬರ್ ಹೇಳಿ, ಬೇಗ,” ಎಂದರು ಪರೀಕ್ಷಕರು. ಹೇಳಲೊಲ್ಲೆನೆಂದೆ; ಅವರ ಸಂಶಯ ಪೂರ್ಣವಾಯಿತು. ಆ ಮುಹೂರ್ತಕ್ಕೆ ಸರಿಯಾಗಿ ನನ್ನ ಫೋನೇ ಮೊಳಗಿತು. ನನ್ನ ಕೈ ಎಂಜಲು, ಎದುರಿನವನು ಎತ್ತಿಕೊಂಡ.

“ಅಪ್ಪಾ, ಊಟ ಆಯ್ತಾ?” ಮಗಳ ದನಿ ಎಲ್ಲರಿಗೂ ಕೇಳಿಸಿತು.

“ಮೇಡಂ, ನಿಮ್ಮ ತಾಯಿ ಎಚ್ಚರ ತಪ್ಪಿದ್ದಾರೆ.”

“ಊಟ ಆಗಿತ್ತಾ ಅವರ್ದು?”

“ಹೂಂ. ಪುಳಿಯೋಗರೆ, ಮೊಸರನ್ನ.”

“ನಿದ್ದೆ ಮಾಡ್ತಾ ಇದ್ದಾರೆ. ನನ್ನ ರಿಸೆಪ್ಷನ್ ಫೋಟೋದಲ್ಲೂ ಹಂಗೇ ಇದ್ದಾರೆ. ತಾಳಿ, ಕಳಿಸ್ತೀನಿ.”

ಚಿತ್ರ ಬಂತು. ಪರೀಕ್ಷಕರು ಗುರುತಿನ ಚೀಟಿ ನೋಡುವಂತೆ ಅದನ್ನು ಒಮ್ಮೆ, ಮಡದಿಯ ಮುಖವನ್ನು ಒಮ್ಮೆ ನೋಡಿದರು. ಬಾಯಿ ತೆರೆದ ಅಳತೆಯೂ ತಾಳೆಯಾಯಿತು. “ಸರಿ ಇದೆ,” ಎಂದು ತೀರ್ಪಿತ್ತು ಕುಳಿತುಕೊಂಡರು. “ಒಂಚೂರು ಇಲ್ಲಿಗೂ ಹಾಕಿ ಸಾರ್. ಪೂರ್ತಿ ಚೆಕ್ ಮಾಡಿಬಿಡೋಣ.”

ಅವರಿಬ್ಬರೂ ಪೂರ್ತಿ ಚೆಕ್ ಮಾಡುತ್ತಿರುವಾಗ ಮಗಳು ಇನ್ನೂ ಫೋನಿನಲ್ಲಿದ್ದಳು. “ಅಪ್ಪಾ, ಷರತ್ತು ನೆನಪಿದೆ ತಾನೆ?”

“ಗುರುತಿಲ್ಲದವರು ನಿನಗೆ ಫೋನ್ ಮಾಡಬಾರದು ಎಂದಿದ್ದೆ. ಈಗ ಫೋನ್ ಮಾಡಿದವಳು ನೀನು.”

“ಆಯ್ತು, ಮುಂದಿನ ವರ್ಷವೂ ರೈಲಲ್ಲೇ ಹೋಗಿ,” ಎಂದಳು. “ಅಮ್ಮನಿಗೆ ಮಾತ್ರ ದಾರೀಲಿ ಊಟ ಹಾಕ್ಬೇಡಿ.”

ಹಾವೇರಿ ದಾಟಿದ ಮೇಲೆ ಮಡದಿ ಕಣ್ಣು ತೆರೆದಳು. ಪರೀಕ್ಷಕರು ಹೊರಟುಹೋಗಿದ್ದರು, ಎದುರಿನವನು ಕಾಲು ಚಾಚಿ, ಬಾಯಿ ತೆರೆದು ಗಾಢವಾಗಿ ನಿದ್ರಿಸುತ್ತಿದ್ದ. ಆಕೆ ನನ್ನ ಅಕ್ಕನಿಗೆಂದು ಕಟ್ಟಿದ್ದ ದೊಡ್ಡ ಡಬ್ಬಿಯನ್ನು ಎತ್ತಿದಳು, ಅಲುಗಿಸಿದಳು, ಮುಚ್ಚಳ ತೆರೆದು ತಳವನ್ನು ನೋಡಿದಳು. ಬಳಿಕ ನನ್ನ ಕಿವಿಯ ಬಳಿ ಬಾಗಿ ಮೆಲ್ಲನೆ ಹೇಳಿದಳು:

“ರೀ, ಪೆಟ್ಟಿಗೆ ಇದೆಯಾ ನೋಡಿ. ನಾನು ಒಂದು ಗಳಿಗೆ ಕಣ್ಣು ಮುಚ್ಚಿದ್ದಕ್ಕೆ ಡಬ್ಬೀನೇ ಖಾಲಿ ಮಾಡಿದ್ದಾರೆ. ಅದಕ್ಕೇ ಈ ರೈಲಲ್ಲಿ ಯಾರನ್ನೂ ನಂಬಬಾರ್ದು ಅನ್ನೋದು.”