ಬಂದ್ ದಿನ ಹಣ್ಣಾದ ಸೀತಾಫಲ

ಬಾಯಿ ದೊಡ್ಡದಿದ್ದವನ ಬಾಳಿನಲ್ಲಿ ಫಜೀತಿಗಳಿಗೆ ಬರ ಇರುವುದಿಲ್ಲ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ. ಜಹೀರಾಬಾದಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಅಂಗಡಿ. ಅಗಲ ಎಂಟು ಫೂಟು. ನಾನು ಹೇಳುವಾಗ ಹನ್ನೆರಡು. ಮಳೆ ಹಿಂದೆ ಸರಿದು ದಸರೆ ಹತ್ತಿರ ಬರುವ ತಿಂಗಳಲ್ಲಿ ಹೊಸ ಹೆಸರುಕಾಳು, ತಂಗೇಡು ಹೂವು, ಸೀತಾಫಲ, ಈ ಮೂರನ್ನು ಹುಡುಕಿ ತರುವುದರಲ್ಲಿ ನನ್ನ ಸಮಾನ ಯಾರೂ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಅಂದರೆ ನಾನು.

ತೆಲಂಗಾಣ ಬೇಕೆಂದು ಊರಿಗೆ ಊರೇ ರಸ್ತೆಗಿಳಿದಿದ್ದ ವರ್ಷ ಅದು. ನಮ್ಮ ಬಜಾರದ ಬಂದ್ ಸಮಿತಿಗೆ ಮುಂದಾಳು ಮಾಸ್ತರ, ಒಂದನೇ ಕ್ಲಾಸಿನಿಂದ ನನ್ನ ಪಕ್ಕ ಕೂತವನು. ಮುಷ್ಕರದಲ್ಲಿ ಪಗಾರ ನಿಂತಿತ್ತು. ಆದರೂ ಇಸ್ತ್ರಿ ಮಾಡಿದ ಪ್ಯಾಂಟು, ಪಾಲಿಶ್ ಮಾಡಿದ ಬೂಟು ಬಿಟ್ಟವನಲ್ಲ. ಒಂದು ದಿನ ಧರಣಿಯ ಟೆಂಟಿನಲ್ಲಿ ಅವನ ಕೈಯಿಂದ ನಾನೇ ಮೈಕ್ ಕಸಿದುಕೊಂಡೆ.

"ಬಂದ್ ಅಂದ್ರ ಬಂದ್! ಎಲ್ಲಾರಕಿಂತ ಮೊದಲ ನನ್ನ ಶಟರ್ ಇಳೀತದ, ಎಲ್ಲಾರಕಿಂತ ಕಡೀಕ ಏಳ್ತದ!"

ಚಪ್ಪಾಳೆ ಬಿತ್ತು. ಮಾಸ್ತರ ನನ್ನನ್ನು ಪಕ್ಕಕ್ಕೆ ಕರೆದ. "ನೋಡು ದೋಸ್ತಾ, ಬಜಾರದಾಗ ಅರ್ಧ ಮಂದಿ ನಿನ್ನ ಕಡಿನೇ ನೋಡಾಕತ್ತಾರ. ನಿನ್ನ ಶಟರ್ ಎದ್ದ್ರ ಎಲ್ಲಾರದೂ ಏಳ್ತದ. ಆಮ್ಯಾಲ ನಾ ಯಾರಿಗೂ ಮಾರಿ ತೋರ್ಸಂಗಿಲ್ಲ."

"ಪ್ರಾಣ ಹೋದ್ರೂ ಎತ್ತಂಗಿಲ್ಲ," ಅಂದೆ.

ಪ್ರಾಣದ ಮಾತು ಆಡಿದ್ದೆ. ಸೀತಾಫಲದ ಮಾತು ಯಾರೂ ಎತ್ತಿರಲಿಲ್ಲ.

ಬೇಯದ ಹೆಸರು

ಹೈವೇ ಮೇಲೆ ಅಡುಗೆ ಮಾಡಿ ಅಲ್ಲೇ ಉಂಡು ಪ್ರತಿಭಟನೆ ಮಾಡುವುದೆಂದು ಸಮಿತಿ ತೀರ್ಮಾನಿಸಿತು. ಹೆಸರುಕಾಳು ನನ್ನದು. "ನಾಗಲಗಿದ್ದದ ಹೊಸ ಮಾಲು. ಒಲಿ ಕಂಡ್ರ ಸಾಕು, ತಾನೇ ಬೇಯ್ತದ," ಅಂದೆ. ಚೀಲದ ಮೇಲಿನ ಅರ್ಧ ಹೊಸದೇ. ಕೆಳಗಿನ ಅರ್ಧ ಹೋದ ವರ್ಷದ್ದು.

ಇನ್ಸ್‌ಪೆಕ್ಟರ್ ಒಳ್ಳೆಯವನು. ಉಂಡು ಎದ್ದುಬಿಡಿ, ಒಂದು ತಾಸು ಸುಮ್ಮನಿರುತ್ತೇನೆ ಎಂದ. ತಾಸು ಕಳೆದ ಮೇಲೆ ಬಂದು ಹಂಡೆಯಲ್ಲಿ ಇಣುಕಿ, ಬೆಂದಿತೇ ಎಂದು ತೆಲುಗಿನಲ್ಲಿ ಕೇಳಿದ, "ಉಡಿಕಿಂದಾ?"

"ಇಂಕಾ ಲೇದು ಸಾರ್," ಇನ್ನೂ ಇಲ್ಲ ಅಂದೆ.

ಅರ್ಧ ತಾಸಿಗೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ತಾಸಿಗೆ ಪಾಪ, ಅವನೇ ಟೋಪಿ ತೆಗೆದಿಟ್ಟು ಒಲೆ ಊದುತ್ತ ಕೂತ. ಲಾರಿಗಳ ಸಾಲು ಕಣ್ಣಿಗೆ ಮುಗಿಯುತ್ತಿರಲಿಲ್ಲ.

ಸಂಜೆ ಮಾಸ್ತರ ಮೈಕಿನಲ್ಲಿ ಸಾರಿದ: "ಒಂದು ತಾಸಿನ ರಸ್ತಾ ಬಂದ್ ನಾಲ್ಕು ತಾಸು ನಡೀತು. ಎಲ್ಲಾ ನಮ್ಮ ಅಂಗಡಿ ಕಾಕಾನ ಹೆಸರಿನ ಪುಣ್ಯ!" ಕೊರಳಿಗೆ ಹಾರ ಬಿತ್ತು. ಹಳೆ ಮಾಲು ಬೆರೆಸಿ ಹಾರ ಹಾಕಿಸಿಕೊಂಡ ವ್ಯಾಪಾರಿ ಇಡೀ ಹಿಂದೂಸ್ತಾನದಲ್ಲಿ ನಾನೊಬ್ಬನೇ ಇರಬೇಕು. ಗೆಳೆಯನ ಮುಖ ನೋಡಿ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಫೋಟೋ ತೆಗೆಯುವವನು ಬಂದ.

ಬೆಳ್ಳಿ ತಂಗೇಡು

ಗಲ್ಲಿಯ ಹೆಂಗಸರು ಟೆಂಟಿನ ಮುಂದೆ ಬತುಕಮ್ಮ ಆಡುವುದೆಂದಾಯಿತು. ತಾಟಿನಲ್ಲಿ ಹಳದಿ ತಂಗೇಡು ಹೂವನ್ನು ಗೋಪುರದಂತೆ ಪೇರಿಸಿ, ಸುತ್ತಲೂ ಚಪ್ಪಾಳೆ ತಟ್ಟುತ್ತ ಹಾಡಬೇಕು. "ಹೂವಿನ ಚಿಂತಿ ನನಗ ಬಿಡ್ರಿ, ತಾಂಡೂರಿನಿಂದ ತರಸ್ತೀನಿ," ಎಂದು ಎದೆ ತಟ್ಟಿಕೊಂಡೆ. ತರಿಸಿದ್ದೂ ನಿಜ. ಆದರೆ ಕಿತ್ತವನು ಫರ್ಸಿ ಕಲ್ಲು ಕೊಯ್ಯುವ ಜಾಗದ ಮಗ್ಗುಲಿನ ಗಿಡ ಹಿಡಿದಿದ್ದ. ಹೂವಿನ ಮೇಲೆ ಬೆರಳು ದಪ್ಪ ಧೂಳು. ತೊಳೆಯಬೇಕಿತ್ತು. ತೊಳೆಯುವ ಬದಲು ನಾನು ಅದಕ್ಕೊಂದು ಹೆಸರಿಟ್ಟೆ.

"ಇದು ತಾಂಡೂರಿನ ಖಾಸ್ ಜಾತಿರಿ, ಬೆಳ್ಳಿ ತಂಗೇಡು!"

ಹಾಡು ಶುರುವಾಯಿತು, ಚಪ್ಪಾಳೆ ಬಿತ್ತು, ಧೂಳು ಎದ್ದಿತು. ಮೊದಲು ಸೀನಿದವಳು ನನ್ನ ಹೆಂಡತಿ. ಆಮೇಲೆ ಸಾಲಿಗೊಂದು ಸೀನು. ಮಾಸ್ತರ ನನ್ನ ಮಾನ ಉಳಿಸಲು ಓಡಿ ಬಂದು ಮೈಕ್ ಹಿಡಿದ. "ಅಕ್ಕಗೋಳ್ರ್ಯಾ, ಇದು ಧೂಳಲ್ಲ, ನಮ್ಮ ಮಣ್ಣಿನ..." ಎಂದು ಅವನೂ ಸೀನಿದ. ನಾಲ್ಕೂ ಕಂಬದ ಸ್ಪೀಕರಿನಲ್ಲಿ ಆ ಸೀನು ಊರಿಗೆಲ್ಲ ಕೇಳಿತು.

ಮನೆಗೆ ಬಂದು ಹೆಂಡತಿ ಮೂಗು ಒರೆಸಿಕೊಳ್ಳುತ್ತ ಅಂದಳು, "ನಿಮ್ಮ ಮಾತು ನಂಬಿ ಕೆಟ್ಟೋರು ಲೋಕದಾಗ ಇಬ್ಬರೇ, ನಾನು ಮತ್ತ ಮಾಸ್ತರ. ಅವರಿಗರ ಬಿಟ್ಟು ಹೋಗಾಕ ದಾರಿ ಅದ."

ಶಟರಿನ ಕೆಳಗಿನ ಕಾಲು

ಸೀತಾಫಲದ ಕಣ್ಣು ನೋಡಿ ಅದು ಯಾವ ವಾರ ಹಣ್ಣಾಗುತ್ತದೆಂದು ಹೇಳುವವನು ನಾನು. ನಾರಾಯಣಖೇಡದ ಗುಡ್ಡದಿಂದ ನಲವತ್ತು ಡಜನ್ ತರಿಸಿ, "ಇವು ಗುರುವಾರದವು," ಎಂದು ಸಾರಿದೆ. ಬುಧವಾರ ಸಂಜೆ ಸುದ್ದಿ ಬಂತು: ಗುರುವಾರ, ಶುಕ್ರವಾರ ಬಂದ್. ಜೀವಮಾನದಲ್ಲಿ ನನ್ನ ಭವಿಷ್ಯ ಸರಿಯಾಗಿದ್ದು ಅದೊಂದೇ ಸಲ.

ಶಟರ್ ಎಳೆದು ಒಳಗೆ ಕೂತೆ. ನಡುಮಧ್ಯಾಹ್ನಕ್ಕೆ ವಾಸನೆ ತಲೆಗೇರಿತು, ಕೈ ತಡೆಯಲಿಲ್ಲ. ಶಟರನ್ನು ಒಂದೇ ಒಂದು ಗೇಣು ಎತ್ತಿದೆ. ಗಿರಾಕಿ ಬಂದರೆ ಕಾಲು ಮಾತ್ರ ಕಾಣುತ್ತದೆ. ಚಿಂತೆ ಇಲ್ಲ, ನಾನು ಊರನ್ನೆಲ್ಲ ಕಾಲಿನಲ್ಲೇ ಗುರುತಿಸುವವನು. ಬೆಳ್ಳಿ ಕಾಲುಂಗುರ, ಕಂಪೌಂಡರನ ಹೆಂಡತಿ. ಒಡೆದ ಹಿಮ್ಮಡಿ, ದರ್ಜಿ. ನಾಲ್ಕು ಡಜನ್ ಹೋಯಿತು.

ಆಮೇಲೆ ಒಂದು ಜೋಡಿ ಬರಿಗಾಲು ಬಂದು ನಿಂತಿತು. ಬೊಬ್ಬೆಗಳೆದ್ದಿದ್ದವು, ಕೆಸರು ಮೆತ್ತಿತ್ತು. ನಮ್ಮ ಊರಿನ ಕಾಲಲ್ಲ.

"ಭಾಳ ದೂರದಿಂದ ನಡದು ಬಂದೀರಿ ಕಾಣ್ತದ. ತೊಗೋರಿ," ಎಂದು ಎರಡು ಹಣ್ಣು ಹೊರಗೆ ತಳ್ಳಿದೆ. "ಲಗೂ ಹೋಗ್ರಿ ಮತ್ತ. ಇಲ್ಲೊಬ್ಬ ಮಾಸ್ತರ ಅದಾನ, ಬಂದ್ ಬಂದ್ ಅಂತ ಒದರಕೋತ ತಿರಗತಾನ. ಬೂಟು ಹಾಕ್ಕೊಂಡು ಚಳವಳಿ ಮಾಡಾವರಿಗೆ ನಮ್ಮ ನಿಮ್ಮಂಥೋರ ಕಷ್ಟ ಏನ್ ತಿಳೀತದ್ರಿ?"

ಮೇಲಿನಿಂದ ಮೆಲ್ಲಗೆ ದನಿ ಬಂತು. "ಬೂಟು ಬಿಟ್ಟು ಮೂರು ದಿನ ಆತೋ. ರಾಜ್ಯ ಬರೋತನ ಹಾಕಂಗಿಲ್ಲಂತ ಆಣಿ ಮಾಡೀನಿ."

ನಲವತ್ತು ವರ್ಷದ ಗೆಳೆಯ. ಅವನ ಬರಿಗಾಲನ್ನು ನಾನು ಒಮ್ಮೆಯೂ ಗಮನಿಸಿ ನೋಡಿರಲಿಲ್ಲ.

ಅಷ್ಟರಲ್ಲಿ ಮೆರವಣಿಗೆ ಗಲ್ಲಿಗೆ ತಿರುಗಿತು. ಯಾರೋ ಕೂಗಿದರು, "ಮಾಸ್ತರ್, ಆ ಶಟರ್ ಸ್ವಲ್ಪ ಎದ್ದಂಗ ಅದ ನೋಡ್ರಿ!" ಮಾಸ್ತರ ಧಡಕ್ಕನೆ ನನ್ನ ಮೆಟ್ಟಿಲ ಮೇಲೆ ಕೂತ. ಸಂದಿ ಮುಚ್ಚಿತು, ಒಳಗೆ ಕತ್ತಲಾಯಿತು. "ಇಲ್ಲಪಾ, ಕಾಲು ನೋವಾಗಿ ಕುಂತೀನಿ. ಇಡೀ ಬಜಾರದಾಗ ಮೊದಲ ಇಳಿದ ಶಟರ್ ಇದು. ನಡೀರಿ ನೀವು," ಅಂದ. ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೂ ನನಗಾಗಿ. ಕತ್ತಲಲ್ಲಿ ನನ್ನ ಕಣ್ಣು ತುಂಬಿ ಬಂತು.

ಮೆರವಣಿಗೆ ದಾಟಿದ ಮೇಲೆ ಮಾಸ್ತರ ಪಿಸುಗುಟ್ಟಿದ, "ಲೇ, ಆ ಎರಡು ಹಣ್ಣು ಎಲ್ಲಿ ಇಟ್ಟಿದ್ದಿ? ಪ್ಯಾಂಟು ತಣ್ಣಗ ಆಗಾಕತ್ತದ."

ತಪ್ಪೊಪ್ಪಿಗೆಯ ಗಾಡಿ

ಇನ್ನು ಒಂದು ಹಣ್ಣೂ ಮಾರುವುದಿಲ್ಲ ಎಂದು ನಿಶ್ಚಯಿಸಿದೆ. ಶುಕ್ರವಾರ ಬೆಳಿಗ್ಗೆ ಉಳಿದದ್ದನ್ನೆಲ್ಲ ತಳ್ಳುಗಾಡಿಗೆ ಹೇರಿ, ಗೋಣಿ ತಟ್ಟು ಹೊದಿಸಿ ಟೆಂಟಿಗೆ ಹೊರಟೆ. ಎಲ್ಲರಿಗೂ ಹಣ್ಣು ಹಂಚಬೇಕು, ಎಲ್ಲರೆದುರು ಮಾಸ್ತರನಿಗೆ 'ತಪ್ಪಾತು' ಅನ್ನಬೇಕು. ದಾರಿಯುದ್ದ ಅದನ್ನೇ ಉರು ಹೊಡೆದೆ.

ಟೆಂಟಿನಲ್ಲಿ ಹನ್ನೊಂದು ಜನ ಸಾಲಾಗಿ ಕೂತಿದ್ದರು, ನಡುವೆ ಮಾಸ್ತರ, ಎಲ್ಲರ ಕೊರಳಲ್ಲಿ ಹಾರ. ಅವರ ಮೂಗಿನ ಮುಂದೆಯೇ ಗಾಡಿ ನಿಲ್ಲಿಸಿ ತಟ್ಟು ಎಳೆದೆ. ಮಾಗಿ ಬಿರಿದ ಸೀತಾಫಲದ ವಾಸನೆ ಟೆಂಟು ತುಂಬಿತು. "ತಿನ್ನರಪ್ಪಾ, ಹೊಟ್ಟಿ ತುಂಬ ತಿನ್ನರಿ!"

ಒಂದು ಕೈಯೂ ಮುಂದೆ ಬರಲಿಲ್ಲ. ಒಬ್ಬ ಮುದುಕ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ. ಇನ್ನೊಬ್ಬ ಗುಟುಕ್ಕನೆ ಎಂಜಲು ನುಂಗಿದ್ದು ನನಗೆ ಕೇಳಿಸಿತು. ಆಗ ತಲೆ ಎತ್ತಿ ಹಿಂದಿನ ಬ್ಯಾನರ್ ಓದಿದೆ: ಇಂದು ನಿರಾಹಾರ ದೀಕ್ಷೆ.

ಕಾವಲಿಗಿದ್ದ ಪೊಲೀಸಪ್ಪ ಲಾಠಿ ಊರಿ ನಗುತ್ತಿದ್ದ. "ಕಾಕಾ, ಇವರನ್ನ ಎಬ್ಬಸಾಕ ನಮ್ಮ ಸಾಹೇಬರಿಗೂ ಇಂಥಾ ಐಡಿಯಾ ಹೊಳೀಲಿಲ್ಲ ನೋಡ್ರಿ!"

ಗಾಡಿ ಹಿಂದಕ್ಕೆ ತಿರುಗಿಸೋಣವೆಂದರೆ ನೋಡಲು ಬಂದ ಮಂದಿ ದಾರಿ ಕಟ್ಟಿದ್ದರು. ಕೈ ಜೋಡಿಸಿ, "ಮಾಸ್ತರ, ನಿನ್ನೆ ನಾ..." ಎಂದೆ. ಆ ಮಾತು ಇಷ್ಟು ವರ್ಷವಾದರೂ ಅಲ್ಲಿಗೇ ನಿಂತಿದೆ. ಪೂರ್ತಿ ಮಾಡಲು ಅವನು ಬಿಡಲೇ ಇಲ್ಲ. ಹಣ್ಣಿನ ಮೇಲಿನ ಕಣ್ಣನ್ನು ಕಷ್ಟಪಟ್ಟು ಕಿತ್ತು, ನನಗಿಂತ ಎತ್ತರಕ್ಕೆ ಕೈ ಮುಗಿದ.

"ನಿನ್ನಿದು ನಿನ್ನೇನೇ ಮರತೀನಿ ದೋಸ್ತಾ. ಇವತ್ತಿಂದು ಜೀವ ಇರೋತನ ಮರಿಯಂಗಿಲ್ಲ. ಹೋಗಪಾ, ಹೋಗಿ ಶಟರ್ ಪೂರಾ ಎತ್ತಿ ಇವನ್ನ ಮಾರಿಬಿಡು. ಬಾಗಿಲದಾಗ ನಾನೇ ಕಾವಲು ನಿಂದರತೀನಿ!"