ಸೋಬಾನೆಯ ನಡುವೆ ಬಂದ ಗಂಡಸು

೧೯೮೮ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ಮಾರನೆಯ ದಿನವೇ ಹಲಸೂರಿನ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ಸ್ಪೀಕರ್ ಹೊರಲು ನಿಂತೆ. ನಾಚಿಕೊಂಡೇನೂ ಹೇಳುತ್ತಿಲ್ಲ. ಸ್ವಂತ ಸೌಂಡ್ ಸಿಸ್ಟಮ್ ಮಾಡಿಕೊಂಡ ಮೇಲಂತೂ ‘ಕಷ್ಟಪಟ್ಟು ದುಡಿದವನು, ಒಬ್ಬರ ಕಡ್ಡಿಯನ್ನೂ ಮುಟ್ಟಿದವನಲ್ಲ’ ಎಂದು ಕೇಳದವರಿಗೂ ಹೇಳುವ ಚಟ ಹತ್ತಿದೆ. ನಾನು ‘ಕಷ್ಟಪಟ್ಟು’ ಅನ್ನುವಷ್ಟರಲ್ಲಿ ಹೆಂಡತಿ ಎದ್ದು ಕುಕ್ಕರ್ ನೋಡಲು ಹೋಗುತ್ತಾಳೆ.

ಆಗ ಹಾಡು ಬೇಕೆಂದರೆ ಶಿವಾಜಿನಗರಕ್ಕೆ ಹೋಗಬೇಕಿತ್ತು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಬ್ಬ ಭಾಯಿ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುತ್ತಿದ್ದರು. ಪಟ್ಟಿ ಬರೆದುಕೊಟ್ಟು ಮೂರು ದಿನ ಕಾಯಬೇಕು. ಕೊನೆಯಲ್ಲಿ ಟೇಪು ಉಳಿದರೆ ‘ಖಾಲಿ ಕಾಯ್ಕು ಛೋಡ್ನಾ, ಸುಮ್ನೆ ಯಾಕೆ ಖಾಲಿ ಬಿಡೋದು, ಕೇಳು ಗುರು, ಚೆನ್ನಾಗಿದೆ’ ಎಂದು ತಮಗಿಷ್ಟವಾದದ್ದೊಂದನ್ನು ಸೇರಿಸಿಬಿಡುತ್ತಿದ್ದರು. ಹಾಗೆ ನಮ್ಮ ಗಣೇಶನ ಹಬ್ಬದ ಕ್ಯಾಸೆಟ್ಟಿನ ಕೊನೆಗೊಂದು ಗಜಲ್ ಸೇರಿಕೊಂಡಿತ್ತು. ಪೆಂಡಾಲಿನವರು ಅದನ್ನು ಎರಡು ಸಲ ಹಾಕಿಸಿ ಕೇಳಿದರು. ಅದೂ ಹಾಡಿದವರನ್ನು ಕೇಳದೆ ತುಂಬಿದ್ದೇ ಎಂದು ಯಾರಿಗೂ ಹೊಳೆಯಲಿಲ್ಲ. ಮೂರು ದಿನ ಕಾದದ್ದೇ ಬೆಲೆ ತೆತ್ತ ಹಾಗೆ ಅನ್ನಿಸುತ್ತಿತ್ತು. ಈಗ ಕಾಯುವುದೂ ಇಲ್ಲ, ಒತ್ತಿದರೆ ಇಳಿಯುತ್ತದೆ.

ಹೋದ ತಿಂಗಳು ಬಾಣಸವಾಡಿಯ ಒಂದು ಮನೆಯಲ್ಲಿ ಅರಿಶಿನ ಶಾಸ್ತ್ರ. ಮೊದಲೆಲ್ಲ ಅರಿಶಿನ ಹಚ್ಚುವ ಹೆಂಗಸರೇ ಸೋಬಾನೆ ಹೇಳುತ್ತಿದ್ದರು. ಈಗ ಅವರು ಫೋಟೋಗೆ ನಿಲ್ಲುತ್ತಾರೆ, ನನ್ನ ಬಾಕ್ಸ್ ಹಾಡುತ್ತದೆ. ಇಂಟರ್ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಂಡಿದ್ದ ಹಳೆಯ ಸೋಬಾನೆಯೊಂದನ್ನು ಹಾಕಿದೆ. ಮದುಮಗಳ ಅಜ್ಜಿ ಸರೋಜಮ್ಮ ಅರಿಶಿನದ ಬಟ್ಟಲು ಹಿಡಿದವರು ಹಾಗೇ ನಿಂತುಬಿಟ್ಟರು, ಕಣ್ಣಲ್ಲಿ ನೀರು. ನನ್ನ ಆಯ್ಕೆಗೆ ನಾನೇ ಬೀಗುತ್ತಿರುವಾಗ, ಎರಡನೇ ನುಡಿಯ ಮಧ್ಯೆ ಗಂಡಸೊಬ್ಬ ಸ್ಪೀಕರಿನೊಳಗಿಂದ ಗರ್ಜಿಸಿದ: ‘ಇನ್ನೂ ಹೆಚ್ಚಿನ ಉಚಿತ ಹಾಡುಗಳಿಗೆ ನಮ್ಮ ವೆಬ್‌ಸೈಟಿಗೆ ಬನ್ನಿ!’

‘ಯಾವನ್ರೀ ಅವ್ನು, ಹೆಂಗಸರ ಮಧ್ಯೆ?’ ಅಂದರು ಹುಡುಗಿಯ ಸೋದರಮಾವ. ಮನೆಯೆಲ್ಲ ನಕ್ಕಿತು. ಸರೋಜಮ್ಮ ನಗಲಿಲ್ಲ. ನೇರ ನನ್ನ ಹತ್ತಿರ ಬಂದರು.

‘ಇದು ನಮ್ಮ ಹಾಡು ಕಣಪ್ಪ. ವಯಸ್ಸಿದ್ದಾಗ ನಾವು ನಾಲ್ಕು ಜನ ಸೇರಿ ಕ್ಯಾಸೆಟ್ಟಿಗೆ ಹಾಡಿದ್ದು. ಮನೇಲಿದ್ದ ಒಂದೇ ಕ್ಯಾಸೆಟ್ಟು ಸುತ್ಕೊಂಡು ಹಾಳಾಯ್ತು. ನಿಂಗೆಲ್ಲಿ ಸಿಕ್ತು?’

‘ದುಡ್ಡು ಕೊಟ್ಟು ತಂದಿದ್ದಮ್ಮ’ ಅಂದೆ. ಉಚಿತ, ಉಚಿತ ಎಂದು ಆ ಪುಣ್ಯಾತ್ಮ ಬೀದಿಗೆಲ್ಲ ಸಾರಿ ಒಂದು ನಿಮಿಷವೂ ಆಗಿರಲಿಲ್ಲ.

‘ಹೌದಾ? ಹಾಗಾದ್ರೆ ನಂಗೂ ಒಂದು ತಂದ್ಕೊಡು, ಆ ಗಂಡಸು ಇಲ್ದಿರೋದು. ಉಳಿದ ಮೂವರೂ ಹೋಗ್ಬಿಟ್ರು. ಅವರ ದನಿ ಇನ್ನೊಂದ್ಸಲ ಕೇಳ್ಬೇಕು.’

ಎರಡು ವಾರ ಹುಡುಕಿದೆ. ಭಾಯಿಯ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಹಾಡು ಸಿಕ್ಕಿದ ಕಡೆಯಲ್ಲೆಲ್ಲ ಆ ಗಂಡಸೂ ಇದ್ದ. ಕಂಪ್ಯೂಟರಿನಲ್ಲಿ ಅವನನ್ನು ಕತ್ತರಿಸಿ ತೆಗೆದರೆ, ಅವನ ದನಿಯಡಿ ಸಿಕ್ಕಿದ್ದ ಹಾಡಿನ ಒಂದು ಸಾಲೂ ಹೋಯಿತು. ಕಡೆಗೆ ಮೈಕು ಹಿಡಿದುಕೊಂಡು ಹೊರಮಾವಿನಲ್ಲಿರುವ ಸರೋಜಮ್ಮನವರ ಮನೆಗೇ ಹೋದೆ. ‘ಸುಳ್ಳು ಹೇಳಿದೆ ಅಮ್ಮ. ಕದ್ದು ಇಳಿಸಿಕೊಂಡದ್ದು.’

‘ಗೊತ್ತಿತ್ತು ಬಿಡು. ಮಾರೋರು ಇದ್ದಿದ್ರೆ ನಾನೇ ಕೊಳ್ತಿರ್ಲಿಲ್ವಾ? ನೀನು ಬರೋದೇ ಇಲ್ಲ ಅಂತ ಸೊಸೆ ಹತ್ರ ಬೆಟ್ ಕಟ್ಟಿದ್ದೆ. ಸೋಲಿಸ್ಬಿಟ್ಟೆ.’

ಹೋದ ಸಾಲನ್ನು ಅವರೇ ಮೈಕಿಗೆ ಹಾಡಿಕೊಟ್ಟರು. ಜೋಡಿಸಿ ಕೇಳಿಸಿದೆ. ನಾಲ್ಕು ಎಳೆಯ ದನಿಗಳ ನಡುವೆ ಒಂದು ಸಾಲಿನಷ್ಟು ದೂರ ಅಜ್ಜಿಯೊಬ್ಬಳು ಒಂಟಿಯಾಗಿ ನಡೆದು ಹೋದ ಹಾಗಿತ್ತು. ಆಮೇಲೆ ಮತ್ತೆ ಮೂವರೂ ಬಂದು ಸೇರಿಕೊಂಡರು. ಸರೋಜಮ್ಮ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು.

‘ಇದನ್ನ ಮದುವೆಮನೆಗಳಲ್ಲಿ ಹಾಕಬಹುದಾ ಅಮ್ಮ?’ ಎಂದು ಕೇಳಿದೆ. ಇಂಥ ಪ್ರಶ್ನೆ ನನ್ನ ಬಾಯಿಂದ ಬಂದದ್ದು ಅದೇ ಮೊದಲು.

‘ಇಷ್ಟು ವರ್ಷಕ್ಕೆ ಕೇಳಿದೋನು ನೀನೊಬ್ನೇ. ಹಾಕ್ಕೋ. ಆ ಮೂವರ ಪರವಾಗೂ ನಾನೇ ಹೇಳ್ತಿದೀನಿ.’

ಈಗ ನನ್ನ ಹತ್ತಿರ ಆರು ಬಾಕ್ಸ್, ಎರಡು ಆಂಪ್ಲಿಫೈಯರ್, ನಾಲ್ಕು ಮೈಕು, ಮೂರು ಸಾವಿರದ ಇನ್ನೂರು ಹಾಡುಗಳಿವೆ. ಹಾಡಿದವರನ್ನು ಕೇಳಿ ಇಟ್ಟುಕೊಂಡದ್ದು ಒಂದು.