ಓಡುವ ಪೆಟ್ಟಿಗೆಗೆ ಮಾತ್ರ ವಾರಂಟಿ

ಕೆಟ್ಟುಹೋದ ವಸ್ತುವಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂಬುದು ಕಂಪನಿಯ ಮೂಲಭೂತ ನಿಯಮವಾಗಿದ್ದು, ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಲಿಲ್ಲ. ಆಶ್ಚರ್ಯಪಟ್ಟವಳು ಸೊಸೆ ಒಬ್ಬಳೇ.

ಸೊಸೆ ಮನೆಯಲ್ಲೇ ಕೂತು ಶಾಲಾ ಪುಸ್ತಕಗಳ ಪುಟ ಜೋಡಿಸಿಕೊಡುವವಳು. ಊಟದ ಮೇಜಿನ ಈ ತುದಿಗೆ ಅವಳ ಕಂಪ್ಯೂಟರು, ಆ ತುದಿಗೆ ಅತ್ತೆ ತರಕಾರಿ ಹೆಚ್ಚುವ ಮಣೆ. ಅವತ್ತು ಬೆಳಿಗ್ಗೆ ಭೂಗೋಳದ ಪುಸ್ತಕವೊಂದು ಇನ್ನೇನು ಮುಗಿಯಿತು ಅನ್ನುವಾಗ ಕಂಪ್ಯೂಟರಿನ ಹೊಟ್ಟೆಯೊಳಗೆ ಟಪ್ ಎಂದು ಸದ್ದಾಗಿ ಪರದೆ ಕಪ್ಪಾಯಿತು.

"ಏನೇ ಇದು ಸೀದ ವಾಸನೆ? ಒಲೆ ಮೇಲೆ ನಾನೇನೂ ಇಟ್ಟಿಲ್ವಲ್ಲ," ಎಂದರು ಅತ್ತೆ.

"ಎಸ್‌ಎಂಪಿಎಸ್ ಹೋಯ್ತು ಅತ್ತೆ. ಮತ್ತೆ."

ಗೋಡೆಯಿಂದ ಬರುವ ಕರೆಂಟನ್ನು ಪಳಗಿಸಿ ಕಂಪ್ಯೂಟರಿನ ಅಂಗಾಂಗಗಳಿಗೆ ಹಂಚುವ ತಗಡಿನ ಪೆಟ್ಟಿಗೆಗೆ ಆ ಹೆಸರು. ಮೊದಲಿನದು ಹೋದಾಗ ಕಂಪನಿಯವರು ವಾರಂಟಿಯಲ್ಲಿ ಬದಲಿಸಿಕೊಟ್ಟ ಪೆಟ್ಟಿಗೆ ಇದು. ವಿಷಯ ತಿಳಿದ ಮುದ್ರಣಾಲಯದ ಯಜಮಾನರು ಫೋನಿನಲ್ಲಿ, "ನಾಳೆ ಸಂಜೆಯೊಳಗೆ ಪುಟ ಬರದಿದ್ರೆ ಬೇರೆಯವರಿಗೆ ಕೊಟ್ಬಿಡ್ತೀನಮ್ಮ, ತಪ್ಪು ತಿಳ್ಕೋಬೇಡ," ಎಂದು ಬಹಳ ಪ್ರೀತಿಯಿಂದ ಹೇಳಿದರು. ಆ ಕೆಲಸ ಒಮ್ಮೆ ಕೈತಪ್ಪಿದರೆ ತಿರುಗಿ ಬರುವಂಥದ್ದಲ್ಲ. ಸೊಸೆ ಪೆಟ್ಟಿಗೆಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಅತ್ತೆಯೂ ಎದ್ದರು. "ತಡಿ, ನಾನೂ ಬರ್ತೀನಿ. ನೀನು ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಿಕೊಂಡು ಬರೋಳು."

ಕೆಳಗೆ ಕಂಪನಿಯ ಮಾಲು ಮಾರುವ ಅಂಗಡಿ, ಮಹಡಿಯ ಮೇಲೆ ಸೇವಾ ಕೇಂದ್ರ. ಮೇಲಿನ ಬಾಗಿಲಲ್ಲಿ ಒಂದು ಪ್ರಕಟಣೆ: "ಗ್ರಾಹಕರೇ ನಮ್ಮ ದೇವರು. ದೇವರುಗಳು ಸಾಲಿನಲ್ಲಿ ಬರತಕ್ಕದ್ದು. ಗದ್ದಲ ಮಾಡುವ ದೇವರುಗಳನ್ನು ಹೊರಗೆ ಕಳುಹಿಸಲಾಗುವುದು."

ವಾರಂಟಿ ಅಧಿಕಾರಿ ಸೌಮ್ಯ ಮನುಷ್ಯ. ಪ್ರತಿ ಮಾತಿಗೂ "ಷರತ್ತಿಗೆ ಒಳಪಟ್ಟು" ಎಂದು ಸೇರಿಸುತ್ತಿದ್ದುದರಿಂದ ಅತ್ತೆ ಆತನಿಗೆ ಆಗಲೇ ಷರತ್ತಪ್ಪ ಎಂದು ನಾಮಕರಣ ಮಾಡಿಯಾಗಿತ್ತು.

"ಬದಲಿ ಪೆಟ್ಟಿಗೆಗೆ ಅದರದೇ ವಾರಂಟಿ ಇರಲ್ಲ ಮೇಡಂ. ಮೊದಲಿನ ಪೆಟ್ಟಿಗೇದು ಉಳಿದಿರುತ್ತಲ್ಲ, ಅದೇ ಮುಂದುವರಿಯುತ್ತೆ, ಷರತ್ತಿಗೆ ಒಳಪಟ್ಟು."

"ಸರಿ ಸರ್. ಅದು ಇನ್ನೂ ಬೇಕಾದಷ್ಟು ಉಳಿದಿದೆ."

"ಉಳಿದಿದೆ, ಷರತ್ತಿಗೆ ಒಳಪಟ್ಟು. ಮೊದಲಿನ ಪೆಟ್ಟಿಗೆ ತೋರಿಸಿ."

"ಅದನ್ನ ನೀವೇ ಇಟ್ಕೊಂಡ್ರಲ್ಲ ಸರ್!"

"ಇಟ್ಕೊಂಡ್ವಿ. ಅದಕ್ಕೇ ನಿಮ್ಮ ಹತ್ರ ಇಲ್ಲ. ಇಲ್ಲದ ವಸ್ತುವಿನ ವಾರಂಟಿ ಹೇಗೆ ಕೊಡೋದು, ನೀವೇ ಹೇಳಿ."

"ಗೋದಾಮಿಂದ ತರಿಸಿ."

"ಅದೀಗ ಕಂಪನಿ ಆಸ್ತಿ. ಗ್ರಾಹಕರಿಗೆ ತೋರಿಸೋ ಹಾಗಿಲ್ಲ."

ಅತ್ತೆ ಮೇಜಿನ ಮೇಲೆ ಕೈಯೂರಿದರು. "ಅಲ್ಲಪ್ಪ, ಹೆಣ ನಿಮ್ಮ ಮನೇಲಿ ಇಟ್ಕೊಂಡು, ಹೆಣ ತಂದ್ರೆ ಮಾತ್ರ ಅಳ್ತೀವಿ ಅಂತೀರಲ್ಲ!"

ಷರತ್ತಪ್ಪನಿಗೆ ಕನಿಕರ ಉಕ್ಕಿತು. ಕಂಪನಿಯಲ್ಲಿ 'ಸೌಹಾರ್ದ ಬದಲಾವಣೆ' ಎಂಬ ಯೋಜನೆಯೊಂದಿದೆ, ಷರತ್ತು ಒಂದೇ ಒಂದು, ಪೆಟ್ಟಿಗೆ ಓಡುವ ಸ್ಥಿತಿಯಲ್ಲಿರಬೇಕು ಎಂದ. ಮೊದಮೊದಲು ಕೆಟ್ಟವನ್ನೂ ತೆಗೆದುಕೊಳ್ಳುತ್ತಿದ್ದರಂತೆ. ಗೋದಾಮು ತುಂಬ ಕೆಟ್ಟವೇ ತುಂಬಿ, ಅವನ್ನೇ ಮುಂದಿನ ಗ್ರಾಹಕರಿಗೆ ಕೊಟ್ಟಾಗ ಜನ ಸುಮ್ಮನೆ ಬೇಸರ ಮಾಡಿಕೊಂಡರಂತೆ.

"ಓಡೋದಾಗಿದ್ರೆ ನಾನ್ಯಾಕೆ ಬರ್ತಿದ್ದೆ?" ಎಂದಳು ಸೊಸೆ.

"ಹಾಗೆ ಎಲ್ಲರೂ ಅಂದ್ಕೊಂಡು ಬರದೇ ಇರ್ತಾರೆ ಮೇಡಂ. ಯೋಜನೆ ಹಾಗೇ ಉಳಿದುಬಿಡುತ್ತೆ."

ವಾದ ಮಾಡುತ್ತ ಕೂತರೆ ಪುಸ್ತಕ ಕೈಬಿಡುತ್ತದೆ. ಸೊಸೆ ಅತ್ತೆಯ ತೋಳು ಹಿಡಿದು ಕೆಳಗಿನ ಅಂಗಡಿಗೆ ಇಳಿದಳು. ಹೊಸದನ್ನೇ ಕೊಂಡರಾಯಿತು.

ಅಂಗಡಿಯವನು ತಲೆದಿಂಬಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಇಳಿಸಿದ. ಕರೆಂಟು ಕೊಟ್ಟೊಡನೆ ಅದರಲ್ಲಿ ಏಳು ಬಣ್ಣದ ದೀಪ ಹತ್ತಿಕೊಂಡವು.

"ಇದು ಕಂಪ್ಯೂಟರ್ ಒಳಗೆ ಕೂರೋದಲ್ವಾ? ದೀಪ ಯಾರಿಗೆ ಕಾಣುತ್ತೆ?"

"ಅದಕ್ಕೇ ಗಾಜಿನ ಕ್ಯಾಬಿನೆಟ್ ಇದೆಯಲ್ಲ ಮೇಡಂ. ಸಾವಿರ ವ್ಯಾಟು. ಮುಂದೆ ನಿಮ್ಮ ಕಂಪ್ಯೂಟರು ಬೆಳೆದ್ರೆ?"

"ನಾನು ಪುಟ ಜೋಡಿಸೋಳು, ರೈಲು ಓಡಿಸೋಳಲ್ಲ." ತನ್ನ ಕಂಪ್ಯೂಟರಿಗೆ ಎಷ್ಟು ವ್ಯಾಟು ಬೇಕು, ಅದಕ್ಕಿಂತ ಎಷ್ಟು ಹೆಚ್ಚಿನದನ್ನು ಕೊಂಡರೆ ಪೆಟ್ಟಿಗೆ ಏದುಸಿರು ಬಿಡದೆ ಬಾಳುತ್ತದೆ ಎಂಬ ಲೆಕ್ಕ ಅವಳಿಗೆ ಗೊತ್ತಿತ್ತು.

"ಹಾಗಾದ್ರೆ ದರ್ಜೆ ನೋಡಿ. ಇದು ಕಂಚು, ಇದು ಬೆಳ್ಳಿ, ಇದು ಚಿನ್ನ."

"ಚಿನ್ನ ಎಷ್ಟು ಗ್ರಾಂ ಹಾಕಿದ್ದೀರಪ್ಪ?" ಎಂದರು ಅತ್ತೆ.

"ಚಿನ್ನ ಇಲ್ಲಮ್ಮ, ಕರೆಂಟು ಕಮ್ಮಿ ಪೋಲಾಗುತ್ತೆ ಅಂತ ಹಾಗನ್ನೋದು."

"ಹೆಸರಿಗೆ ಮಾತ್ರ ಚಿನ್ನ. ಬೆಲೆಗೆ ನಿಜವಾದ ಚಿನ್ನ."

ಕೊನೆಗೆ ಸೊಸೆ ದೀಪವಿಲ್ಲದ, ಕಂಚಿನ ದರ್ಜೆಯ, ಕೈಗೆ ಒಳ್ಳೆ ತೂಕವಾಗಿದ್ದ ಪೆಟ್ಟಿಗೆಯೊಂದನ್ನು ಆರಿಸಿ, ಅದರ ಹೊದಿಕೆಯ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿದು ಒಳಗೆಲ್ಲ ನೋಡಿ, ದುಡ್ಡು ಕೊಟ್ಟಳು. ಅಂಗಡಿಯವನು ಅವಳ ಬಡ ಅಭಿರುಚಿಗೆ ನಿಟ್ಟುಸಿರುಬಿಟ್ಟು, ಮೇಲೆ ಹೋಗಿ ಮುದ್ರೆ ಒತ್ತಿಸಿಕೊಂಡರೆ ಮಾತ್ರ ವಾರಂಟಿ ಶುರುವಾಗುತ್ತದೆ ಎಂದ.

ಮತ್ತೆ ಮೆಟ್ಟಿಲು ಹತ್ತಿದರು. ಷರತ್ತಪ್ಪ ಪೆಟ್ಟಿಗೆಗೆ ಕರೆಂಟು ಕೊಟ್ಟ. ಫ್ಯಾನು ಗುಂಯ್ ಎಂದು ತಿರುಗಿತು. ಅವನ ಮುಖ ಅರಳಿತು.

"ಓಡ್ತಿದೆ! ಮೊದಲೇ ಹೀಗೆ ತಂದಿದ್ರೆ ಇಷ್ಟು ಮಾತೇ ಬೇಕಿರಲಿಲ್ಲ ಮೇಡಂ. ನಿಮ್ಮ ಸೌಹಾರ್ದ ಬದಲಾವಣೆ ಷರತ್ತಿಗೆ ಒಳಪಟ್ಟು ಮಂಜೂರಾಗಿದೆ." ಹಾಗೆಂದವನೇ ಹೊಸ ಪೆಟ್ಟಿಗೆಯನ್ನು ಜವಾನನ ಕೈಗಿತ್ತು, ಗೋದಾಮಿನಿಂದ ಧೂಳು ಹಿಡಿದ ಒಂದನ್ನು ತರಿಸಿ ಮುದ್ರೆ ಒತ್ತಿಕೊಟ್ಟ.

"ಸರ್, ಅದು ಹೊಸದು! ಈಗ ತಾನೇ ಕೊಂಡಿದ್ದು!"

"ಅದಕ್ಕೇ ಓಡ್ತಿತ್ತು."

"ಇದು ಓಡುತ್ತಾ?"

"ಇಲ್ಲ. ಆದ್ರೆ ಇದಕ್ಕೆ ಪೂರ್ತಿ ವಾರಂಟಿ. ಆಗಲೇ ಕೆಟ್ಟಿರೋದ್ರಿಂದ ಇನ್ನು ಕೆಡೋ ಭಯಾನೂ ಇಲ್ಲ."

ಸೊಸೆ ಕೂಗಬೇಕೋ ಅಳಬೇಕೋ ತಿಳಿಯದೆ ಅತ್ತೆಯ ಕಡೆ ನೋಡಿದಳು. ಅತ್ತೆ ಬಾಯಿ ತೆರೆದದ್ದೇ ತಡ, ಸಾಲಿನಲ್ಲಿದ್ದ ದೇವರುಗಳೆಲ್ಲ ಚಪ್ಪಾಳೆ ತಟ್ಟಿದರು. "ಪುಣ್ಯವಂತೆ ಕಣಮ್ಮ ನೀನು," ಎಂದರು ಮುಂದಿದ್ದ ಹಿರಿಯರೊಬ್ಬರು. "ನನಗೆ ಬರೀ ಖಾಲಿ ಡಬ್ಬಿ ಕೊಟ್ಟಿದ್ರು." ಅಷ್ಟು ಜನರ ಸಂತೋಷದ ನಡುವೆ ಜಗಳ ತೆಗೆಯುವುದು ಅತ್ತೆಯಂಥ ಅತ್ತೆಗೂ ಸರಿಕಾಣಲಿಲ್ಲ.

ಕೆಳಗಿಳಿದು ಇನ್ನೊಂದು ಕೊಳ್ಳಲು ಹೋದರೆ, ಅಂಗಡಿಯ ಮೇಜಿನ ಮೇಲೆ ಮೂಲೆ ಹರಿದ ಹೊದಿಕೆಯ ಪೆಟ್ಟಿಗೆ ಇವರಿಗಿಂತ ಮೊದಲೇ ಬಂದು ಕೂತಿತ್ತು.

"ಇದು ನನ್ನದು," ಎಂದಳು ಸೊಸೆ.

"ಇನ್ನೂ ಆಗಿಲ್ಲ ಮೇಡಂ, ಬಿಲ್ಲು ಮಾಡ್ಬೇಕು. ಮೇಲೆ ಪರೀಕ್ಷೆ ಆಗಿ ಬಂದ ಮಾಲು, ಹಾಗಾಗಿ ಸ್ವಲ್ಪ ದುಬಾರಿ."

ಸೊಸೆ ಹಲ್ಲು ಕಚ್ಚಿ ಅದನ್ನೇ ಮತ್ತೆ ಕೊಂಡಳು. "ಮುದ್ರೆ ಒತ್ತಿಸಲ್ವಾ?" ಎಂದು ಅಂಗಡಿಯವನು ಕೇಳಿದಾಗ ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ "ಬೇಡ!" ಎಂದು, ಪೆಟ್ಟಿಗೆಯನ್ನು ಸೆರಗಿನಡಿ ಮುಚ್ಚಿಕೊಂಡು ಬೀದಿಗಿಳಿದರು. ಮರುದಿನ ಪುಟಗಳು ಹೊತ್ತಿಗೆ ಸರಿಯಾಗಿ ಮುದ್ರಣಾಲಯ ಸೇರಿದವು.

ಈಗ ಅಕ್ಕಪಕ್ಕದಲ್ಲಿ ಯಾರ ಪೆಟ್ಟಿಗೆ ಹೋದರೂ ಅತ್ತೆಯೇ ಸಲಹೆ ಕೊಡುತ್ತಾರೆ: ಒಂದನ್ನು ಕೊಂಡು ಮೇಲೆ ಕೊಡಿ, ವಾರಂಟಿ ಸಿಗುತ್ತೆ, ಇನ್ನೊಂದನ್ನು ಕೊಂಡು ಮನೆಗೆ ತನ್ನಿ, ಕಂಪ್ಯೂಟರು ಓಡುತ್ತೆ. ಜನಕ್ಕೆ ಇದು ಬಹಳ ಸಲೀಸೆನಿಸಿದೆ. ಅಂಗಡಿಯವನೂ ಬಿಡಿ ಮಾರಾಟ ನಿಲ್ಲಿಸಿ, "ಮೇಲಕ್ಕೊಂದು, ಮನೆಗೊಂದು" ಎಂಬ ಫಲಕದಡಿ ಜೋಡಿಯಾಗಿಯೇ ಮಾರುತ್ತಿದ್ದಾನೆ. ಮೊನ್ನೆ ಯಾರೋ ಹೊಸಬ ಬಂದು ಒಂದೇ ಒಂದು ಸಾಕು ಎಂದನಂತೆ. ಅಲ್ಲೇ ನಿಂತಿದ್ದ ಸೊಸೆ ಅವನನ್ನು ಕನಿಕರದಿಂದ ನೋಡಿ, "ಪಾಪ, ವಾರಂಟಿ ಬೇಡವಂತೆ," ಎಂದಳು.